ಆಯ್ಕೆ ಪಟ್ಟಿಯ ಮೂರನೇ ಹೆಸರು

ಮುಖ್ಯೋಪಾಧ್ಯಾಯ ಮಲ್ಲಿಕಾರ್ಜುನಸ್ವಾಮಿ ಮೊಬೈಲ್ ನೋಡಿಕೊಂಡೇ ಸ್ಟಾಫ್ ರೂಮಿನೊಳಗೆ ಬಂದು ಸುದ್ದಿ ಹೇಳಿದರು. "ಈ ಸಲ ತಾಲ್ಲೂಕು ಕ್ರೀಡಾಕೂಟಕ್ಕೆ ಮೈಸೂರಿಂದ ಒಬ್ರು ಸಂಶೋಧಕಿ ಬತ್ತಾರಂತೆ. ಕ್ರೀಡಾ ನಿರ್ವಹಣೆ ಮೇಲೆ ಪಿಎಚ್.ಡಿ. ಮಾಡ್ತಾವ್ರಂತೆ. ನಮ್ ಜಿಲ್ಲೆಯವ್ರೇ, ಉಮ್ಮತ್ತೂರು. ಭಾನು ಅಂತ ಹೆಸ್ರು. ದಾನೇಶ್ವರಿ ಮೇಡಂ, ನೀವು ಸ್ವಲ್ಪ ಜೊತೆಗಿದ್ದು ನೋಡ್ಕಳಿ."

ದಾನೇಶ್ವರಿ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಬೆರಳ ತುದಿ ಬೆಳ್ಳಗಾಗುವಷ್ಟು ಬಿಗಿಯಾಗಿ ಸುತ್ತಿ, ಆಮೇಲೆ ಬಿಟ್ಟಳು. "ಆಯ್ತು ಸಾರ್" ಎಂದಳು. ಭಾನು ತನಗೆ ಗೊತ್ತು, ಒಂದೇ ತಂಡದಲ್ಲಿ ಆಡಿದವಳು ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಗುಂಡ್ಲುಪೇಟೆಗೆ ಆರು ಕಿಲೋಮೀಟರ್ ದೂರದ ಆ ಅನುದಾನಿತ ಪ್ರೌಢಶಾಲೆಯಲ್ಲಿ ದಾನೇಶ್ವರಿ ಹನ್ನೊಂದು ವರ್ಷದಿಂದ ದೈಹಿಕ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿ.ಟಿ. ಮಿಸ್ಸು. ತವರು ಹರವೆ. ನಾಲ್ಕು ತಲೆಮಾರಿನಿಂದ ಅರಿಸಿನ, ಬಾಳೆ ಬೆಳೆದುಕೊಂಡು ಬಂದ ಮನೆ. ಹಣೆಗೆ ವಿಭೂತಿ ಇಡದೆ ಯಾರೂ ಹೊಸಿಲು ದಾಟುತ್ತಿರಲಿಲ್ಲ. ಗಂಡ ಸೋಮೇಶನಿಗೆ ಗುಂಡ್ಲುಪೇಟೆಯಲ್ಲಿ ಗೊಬ್ಬರ, ಬೀಜದ ಅಂಗಡಿ. ಮನೆಯ ಗಾಜಿನ ಬೀರುವಿನಲ್ಲಿ ಅವಳ ಒಂದು ಫೋಟೊ ಇತ್ತು. ದಾವಣಗೆರೆಯ ರಾಜ್ಯಮಟ್ಟದ ಖೋ ಖೋ ಪಂದ್ಯಾವಳಿಯದು, ಹನ್ನೆರಡು ಹುಡುಗಿಯರ ನಡುವೆ ಹದಿನೇಳರ ದಾನೇಶ್ವರಿ. ಆ ಪಂದ್ಯಾವಳಿಯ ಪ್ರಮಾಣಪತ್ರದಿಂದಲೇ ಅವಳಿಗೆ ಬಿ.ಪಿ.ಇಡಿ. ಸೀಟು ಸಿಕ್ಕಿದ್ದು, ಆ ಸೀಟಿನಿಂದ ಈ ಕೆಲಸ. "ನಾನು ಆಡಿ ಗಳಿಸ್ಕಂಡಿದ್ದು" ಎಂದು ಅವಳು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು.

ಆ ಫೋಟೊದಲ್ಲಿ ಭಾನು ಇರಲಿಲ್ಲ.

ಇಬ್ಬರೂ ಚಾಮರಾಜನಗರದಲ್ಲಿ ಪಿಯುಸಿ ಓದಿದವರು. ಒಬ್ಬಳು ಹರವೆ ಬಸ್ಸಿನಿಂದ ಇಳಿಯುತ್ತಿದ್ದಳು, ಇನ್ನೊಬ್ಬಳು ಉಮ್ಮತ್ತೂರಿನ ಬಸ್ಸಿನಿಂದ. ಭಾನುವಿನದು ಉಮ್ಮತ್ತೂರಿನ ಕೆಳಗೇರಿ. ಅಪ್ಪ ನಂಜಯ್ಯ ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಿದ್ದ. ಹುಡುಗಿ ಬರಿಗಾಲಲ್ಲಿ ಓಡುತ್ತಿದ್ದಳು. ಅಟ್ಟಿಸಿಕೊಂಡು ಬಂದವಳ ಕೈ ಇನ್ನೇನು ಬೆನ್ನಿಗೆ ತಾಕಿತು ಅನ್ನುವಾಗ ಕಂಬದ ಬಳಿ ಹಾಗೇ ನಿಂತುಬಿಡುವಳು. ಬಂದವಳು ತನ್ನ ವೇಗಕ್ಕೆ ತಾನೇ ಮುಂದಕ್ಕೆ ಮುಗ್ಗರಿಸುವಳು. ತರಬೇತಿ ಕೊಡುತ್ತಿದ್ದ ಪುಟ್ಟರಾಜು ಮೇಷ್ಟ್ರು, "ಭಾನು ಓಡೋದ ನೋಡಿ ಕಲ್ತ್ಕಳ್ರಮ್ಮಿ" ಎಂದು ಎಲ್ಲರೆದುರು ಹೇಳುತ್ತಿದ್ದರು. ದಾನೇಶ್ವರಿಗೆ ಹೊಸ ಬೂಟಿತ್ತು, ಮನೆಯಿಂದ ಬಾದಾಮಿ ಹಾಲು ಬರುತ್ತಿತ್ತು, ಅವಳ ದೊಡ್ಡಪ್ಪ ಶಂಭುಲಿಂಗಪ್ಪನವರೇ ಆ ತಂಡವನ್ನು ಕಳಿಸುವ ಗಡಿನಾಡು ಕ್ರೀಡಾ ಬಳಗದ ಅಧ್ಯಕ್ಷರು. ಆದರೂ ಮೇಷ್ಟ್ರ ಬಾಯಲ್ಲಿ ಆ ಮಾತು ಅವಳ ಹೆಸರಿಗೆ ಒಂದು ಸಲವೂ ಬರಲಿಲ್ಲ. ಆ ಉರಿ ಅವಳ ಹೊಟ್ಟೆಯಲ್ಲಿ ಆಗಲೇ ಕೂತಿತ್ತು.

ದಾವಣಗೆರೆಗೆ ಹೋಗುವ ತಂಡದ ಆಯ್ಕೆಯಲ್ಲಿ ಭಾನು ಬಿದ್ದುಹೋದಳು. ಮಾರನೆಯ ದಿನದಿಂದ ಮೈದಾನಕ್ಕೆ ಬರಲಿಲ್ಲ. ಮೈಸೂರಿಗೆ ಹೋಗಿ ಸಮಾಜಶಾಸ್ತ್ರ ಓದಿದಳಂತೆ ಎಂದು ಯಾರೋ ಹೇಳಿದ್ದರು. ದಾನೇಶ್ವರಿ ಅವಳನ್ನು ಮರೆತೇ ಇದ್ದಳು, ಅಥವಾ ಮರೆತಿದ್ದೇನೆ ಎಂದುಕೊಂಡಿದ್ದಳು.

ಕ್ರೀಡಾಕೂಟದ ದಿನ ಭಾನು ಬಸ್ಸಿನಿಂದಲೇ ಇಳಿದು ಬಂದಳು. ಹತ್ತಿ ಚೂಡಿದಾರ, ಹೆಗಲಿಗೆ ಬಟ್ಟೆ ಚೀಲ, ಕತ್ತರಿಸಿದ ಕೂದಲು. ಹೆಚ್ಚೇನೂ ಬದಲಾಗಿರಲಿಲ್ಲ. ದಾನೇಶ್ವರಿಗೆ ಮೊದಲು ಕಂಡದ್ದು ಅವಳ ನಡಿಗೆ. ಹದಿನಾರು ವರ್ಷ ಕಳೆದಿದ್ದರೂ ಪಾದ ನೆಲಕ್ಕೆ ಸೋಕಿತೋ ಇಲ್ಲವೋ ಎಂಬ ಅದೇ ಹಗುರ. ತನ್ನ ಮೊಣಕಾಲು ಈಗ ಮೆಟ್ಟಿಲು ಹತ್ತುವಾಗ ಕಟಕಟ ಎನ್ನುವುದು ನೆನಪಾಯಿತು.

ಕೂಟದ ಸಂಚಾಲಕ ಬಸವಪ್ರಸಾದ್ ಓಡಿ ಬಂದು ಕೈ ಮುಗಿದರು. "ಬನ್ನಿ ಮೇಡಂ, ವೇದಿಕೆ ಮೇಲೆ ಕೂತ್ಕಳಿ." ದಾನೇಶ್ವರಿಯನ್ನು ಹನ್ನೊಂದು ವರ್ಷದಿಂದ "ಏನಮ್ಮ, ಆ ಸ್ಕೂಲಿನ ಮೇಡಮ್ಮು" ಎಂದೇ ಕರೆಯುತ್ತಿದ್ದ ಮನುಷ್ಯ ಆತ.

"ಬೇಡ ಸಾರ್, ನಾನು ಕೆಳಗೇ ಕೂತ್ಕೋತೀನಿ" ಎಂದಳು ಭಾನು. ಆಮೇಲೆ ಇತ್ತ ತಿರುಗಿ, "ದಾನಿ" ಎಂದಳು. ಹಾಗೆ ಕರೆಯುವವರು ಈಗ ಯಾರೂ ಉಳಿದಿರಲಿಲ್ಲ.

"ಚೆಂದಾಗಿದ್ದೀಯೇನಮ್ಮಿ?" ದಾನೇಶ್ವರಿ ನಕ್ಕಳು. ಆ ನಗು ಕೆನ್ನೆಯ ಮೇಲೆ ಅಂಟಿಸಿದ ಹಾಗೆ ನಿಂತುಕೊಂಡಿತು.

ಮಲ್ಲಿಕಾರ್ಜುನಸ್ವಾಮಿಯವರು ಕುತೂಹಲದಿಂದ, ಸಂಶೋಧನೆ ಏನೆಂದು ಕೇಳಿದರು. "ತಂಡ ಗೆಲ್ಸೋದು ಹ್ಯಾಗೆ ಅಂತ್ಲಾ ಮೇಡಂ?"

"ಅದರ ಮೇಲೆ ಬೇಕಾದಷ್ಟು ಜನ ಬರೆದಿದ್ದಾರೆ ಸಾರ್. ಆಟ ನಡೆಸೋ ಅಧಿಕಾರ ಯಾರ ಕೈಲಿದೆ, ಯಾರ ಮಾತು ಲೆಕ್ಕಕ್ಕೆ ಬರುತ್ತೆ, ಯಾರು ಮೈದಾನದ ತನಕ ಬರೋಕೇ ಆಗಲ್ಲ, ಇದು ನನ್ನ ವಿಷಯ. ನಿಯಮ ಎಲ್ಲರಿಗೂ ಒಂದೇ ಅಂತ ಬರೆದಿರ್ತೀವಲ್ಲ, ನಿಜವಾಗ್ಲೂ ಒಂದೇನಾ ಅಂತ ನೋಡ್ತೀನಿ."

ಅರ್ಥವಾದವರಂತೆ ಅವರು ತಲೆಯಾಡಿಸಿದರು. ಇದೂ ಒಂದು ಓದೇ ಎಂದುಕೊಂಡಳು ದಾನೇಶ್ವರಿ. ಬಿಸಿಲಲ್ಲಿ ಸುಣ್ಣದ ಗೆರೆ ಎಳೆಯುವವಳು ತಾನು. ನೆರಳಲ್ಲಿ ಕೂತು ಆ ಗೆರೆಯ ಬಗ್ಗೆ ಬರೆದು ಡಾಕ್ಟರ್ ಅನ್ನಿಸಿಕೊಳ್ಳುವವಳು ಇವಳು.

ಉದ್ಘಾಟನೆಯ ಭಾಷಣ ನಡೆಯುವಾಗ ಭಾನು ಹುಣಸೆಮರದ ಬುಡದಲ್ಲಿ ಹುಡುಗಿಯರ ಜೊತೆ ಕೂತು ಪುಸ್ತಕದಲ್ಲಿ ಏನೋ ಚೌಕ ಚೌಕವಾಗಿ ಬರೆಯುತ್ತಿದ್ದಳು. ದಾನೇಶ್ವರಿ ಹಿಂದಿನಿಂದ ಬಗ್ಗಿ ನೋಡಿದಳು. ವೇದಿಕೆಯ ನಕ್ಷೆ. ಇಪ್ಪತ್ತೊಂದು ಕುರ್ಚಿ, ಯಾವುದರಲ್ಲಿ ಯಾರು ಕೂತಿದ್ದಾರೆ ಎಂಬ ವಿವರ. ಹೆಂಗಸರ ಕುರ್ಚಿ ಎರಡಕ್ಕೆ ಮಾತ್ರ ದುಂಡಗೆ ಗೆರೆ ಸುತ್ತಿತ್ತು. ಒಂದರ ಪಕ್ಕ 'ಪ್ರಾರ್ಥನೆ', ಇನ್ನೊಂದರ ಪಕ್ಕ 'ಹಾರದ ತಟ್ಟೆ' ಎಂದಿತ್ತು. ಕೆಳಗೆ, ವೇದಿಕೆಯ ಹಿಂಭಾಗದಲ್ಲಿ ಇನ್ನೊಂದು ಚೌಕ: 'ಅನ್ನದ ಪಾತ್ರೆ. ಹೆಣ್ಣುಮಕ್ಕಳ ತರಬೇತುದಾರರು ಐದು ಜನ.'

ಆ ಐವರಲ್ಲಿ ದಾನೇಶ್ವರಿಯೂ ಒಬ್ಬಳು. ಬೆಳಗಿನಿಂದ ಪುಳಿಯೋಗರೆ ಪಾತ್ರೆಯ ಉಸ್ತುವಾರಿ ಅವಳದೇ. ಅದು ಯಾರಿಗೂ ಕಾಣದ ಕೆಲಸ ಎಂದುಕೊಂಡಿದ್ದಳು. ಈಗ ಕಾಣಿಸಿತ್ತು, ಕಾಣಿಸಿದ್ದು ಭಾನುವಿಗೆ. ಅದೇ ಅವಳಿಗೆ ಸಹಿಸಲಾಗಲಿಲ್ಲ.

ಭಾನುವಾರ ಭಾನು ಮಾತಾಡಿಸಲು ಮನೆಗೆ ಬಂದಳು. ದಾನೇಶ್ವರಿ ಪ್ರಮಾಣಪತ್ರಗಳ ಫೈಲನ್ನು ಮೊದಲೇ ಟೀಪಾಯಿಯ ಮೇಲೆ ಇಟ್ಟಿದ್ದಳು. ಫೋಟೊವನ್ನು ಬೀರುವಿನೊಳಗಿಂದ ತೆಗೆದು, ಒರೆಸಿ, ಎದುರಿಗೇ ಕಾಣುವಂತೆ ನಿಲ್ಲಿಸಿದ್ದಳು. ಭಾನು ಒಂದು ಹಾಳೆ ಕೊಟ್ಟಳು. ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ, ಹೆಸರು ಎಲ್ಲೂ ಬರುವುದಿಲ್ಲ, ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದು ಅದರಲ್ಲಿತ್ತು. ದಾನೇಶ್ವರಿ ಸಹಿ ಹಾಕಿದಳು. ಫೈಲಿನ ಕಡೆ ಭಾನುವಿನ ಕಣ್ಣು ಹೋಗಲೇ ಇಲ್ಲ.

"ಟೂರ್ನಮೆಂಟಿಗೆ ಹೋದಾಗ ಹುಡುಗೀರು ಬಟ್ಟೆ ಎಲ್ಲಿ ಬದಲಾಯಿಸ್ತಾರೆ?"

"ಏನೂ ತೊಂದ್ರೆ ಇಲ್ಲ. ಎಲ್ಲ ವ್ಯವಸ್ಥೆ ಇರ್ತದೆ."

"ಹತ್ತನೇ ಕ್ಲಾಸ್ ಆದ್ಮೇಲೆ ಎಷ್ಟು ಜನ ಆಟ ಮುಂದುವರಿಸ್ತಾರೆ?"

"ಆಸೆ ಇರೋರು ಮುಂದುವರಿಸ್ತಾರೆ."

"ತಂಡದ ಮ್ಯಾನೇಜರ್ ಆಗಿ ಯಾರು ಹೋಗ್ತಾರೆ?"

ಹನ್ನೊಂದು ವರ್ಷದಿಂದಲೂ ಹೋಗುತ್ತಿದ್ದವರು ಗಣಿತದ ಮಹದೇವಪ್ರಸಾದ್. ಅವರಿಗೆ ಖೋ ಖೋ ಅಂಕಣದ ಅಳತೆಯೂ ಗೊತ್ತಿರಲಿಲ್ಲ. ತೀರ್ಪುಗಾರರ ಜೊತೆ ಮಾತಾಡುವವರು ಅವರು, ಫೋಟೊದಲ್ಲಿ ನಡುವೆ ನಿಲ್ಲುವವರು ಅವರು. ಮಕ್ಕಳಿಗೆ ಉಣ್ಣಿಸಿ, ಮುಟ್ಟಾದವರಿಗೆ ಪ್ಯಾಡು ಹುಡುಕಿಕೊಟ್ಟು, ಅವರನ್ನು ಬಸ್ಸಿನಲ್ಲಿ ಎಣಿಸಿ ಕೂರಿಸುವುದು ದಾನೇಶ್ವರಿ. ಇದನ್ನು ಯಾರಾದರೂ ಒಬ್ಬರು ಕೇಳಲಿ ಎಂದು ಅವಳು ವರ್ಷಗಟ್ಟಲೆ ಕಾದಿದ್ದಳು. ಕೇಳಿದವಳು ಭಾನು ಎಂಬುದಕ್ಕೇ ಹೇಳಲಾಗಲಿಲ್ಲ.

"ನಾನೇ" ಎಂದಳು.

ಇಪ್ಪತ್ತು ನಿಮಿಷಕ್ಕೆ ಮಾತು ಮುಗಿಯಿತು. ಏಳುವಾಗ ಭಾನು ಕೇಳಿದಳು. "ಗಡಿನಾಡು ಬಳಗ ಮುಚ್ಚಿ ಹೋಯ್ತಲ್ಲ, ಅದರ ಹಳೇ ಕಾಗದ ಪತ್ರ ನಿಮ್ಮ ದೊಡ್ಡಪ್ಪನೋರ ಮನೇಲಿ ಉಳ್ಕೊಂಡಿದ್ಯಾ ದಾನಿ? ಆಯ್ಕೆ ಹೆಂಗೆ ನಡೀತಿತ್ತು ಅಂತ ನೋಡಬೇಕಿತ್ತು."

"ಎಲ್ಲಾ ಗೆದ್ದಲು ಇಡಿದು ಓಯ್ತು ಬುಡು" ಎಂದಳು ದಾನೇಶ್ವರಿ. ಅದು ನಿಜವೋ ಸುಳ್ಳೋ ಅವಳಿಗೇ ಗೊತ್ತಿರಲಿಲ್ಲ.

ಮಾರನೆಯ ದಿನ ಶಾಲೆಯಲ್ಲಿ ಭಾನು ಬಿಸಿಯೂಟದ ಅಡುಗೆಯ ಪುಟ್ಟಸಿದ್ದಮ್ಮನ ಪಕ್ಕ ಕೂತಿದ್ದಳು. ಹನ್ನೆರಡಕ್ಕೆ ಕೂತವಳು ಎರಡಾದರೂ ಏಳಲಿಲ್ಲ. ದಾನೇಶ್ವರಿ ನೀರು ಕುಡಿಯುವ ನೆಪದಲ್ಲಿ ಎರಡು ಸಲ ಅಡುಗೆ ಕೋಣೆಯ ಮುಂದೆ ಹಾದುಹೋದಳು. ಸಾಂಬಾರು ತಿರುವುವವಳಿಗೆ ಆಟದ ವಿಷಯ ಏನು ಗೊತ್ತು? ರಾಜ್ಯಮಟ್ಟಕ್ಕೆ ಆಡಿದವಳಿಗೆ ಇಪ್ಪತ್ತು ನಿಮಿಷ, ಇವಳಿಗೆ ಎರಡು ಗಂಟೆ.

ಮೂರನೆಯ ಸಲ ಹೋದಾಗ ಪುಟ್ಟಸಿದ್ದಮ್ಮನ ದನಿ ಕೇಳಿಸಿತು. "ಮ್ಯಾನೇಜ್ರು ಮಾದೇವಪ್ರಸಾದ್ ಮೇಷ್ಟ್ರು ಕನವ್ವ. ನಮ್ ಮೇಡಮ್ಮ ಅನ್ನ ಬಡಿಸ್ತದೆ, ಪಾಪ. ಮಕ್ಳಿಗೆ ಆಟ ಏಳ್ಕೊಡಾದೂ ಅದೇಯ, ತಟ್ಟೆ ಎಣ್ಸಾದೂ ಅದೇಯ. ಎಸ್ರು ಮಾತ್ರ ಇನ್ನೊಬ್ಬರ್ದು."

ಭಾನು ಪುಸ್ತಕದಲ್ಲಿ ಬರೆದುಕೊಂಡಳು. ಆ 'ಪಾಪ' ದಾನೇಶ್ವರಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ತಾನು ಹೇಳಿದ ಸುಳ್ಳು ಗೊತ್ತಾಗಿಹೋಯಿತು ಎಂಬುದಕ್ಕಿಂತ, ಗೊತ್ತಾದ ಮೇಲೂ ಭಾನು ಬಂದು ಏನೂ ಕೇಳಲಿಲ್ಲ ಎಂಬುದು ಹೆಚ್ಚು ನೋಯಿಸಿತು. ಸಿಟ್ಟಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಅದಾಗಿ ಮುಂದಿನ ರಜೆಗೆ ಅವಳು ಹರವೆಗೆ ಹೋದಳು. ದೊಡ್ಡಮ್ಮನಿಗೆ ಮೈ ಹುಷಾರಿಲ್ಲವಂತೆ ಎಂದು ಸೋಮೇಶನಿಗೆ ಹೇಳಿದಳು. ದೊಡ್ಡಮ್ಮ ಚಿಕ್ಕಮಲ್ಲಮ್ಮ ಚೆನ್ನಾಗಿಯೇ ಇದ್ದರು. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ದೊಡ್ಡಪ್ಪನ ಬಳಗದ ಪೇಪರ್ರು ಎಲ್ಲವೆ ದೊಡ್ಡವ್ವ?"

"ಅಟ್ಟದ ಮೇಲ್ನ ಟ್ರಂಕ್‌ನಲ್ಲಿ ಅವೆ ಕಣಮ್ಮಿ. ಯಾಕೆ, ಈಗ ಯಾರಿಗ್ಬೇಕು ಅವು?"

ಗೆದ್ದಲು ಹಿಡಿದಿರಲಿಲ್ಲ. ಶಂಭುಲಿಂಗಪ್ಪನವರು ಬದುಕಿದ್ದಾಗಲೇ ಎಲ್ಲವನ್ನೂ ವರ್ಷವಾರು ದಾರ ಕಟ್ಟಿ ಇಟ್ಟಿದ್ದರು. 2008ರ ಕಟ್ಟಿನಲ್ಲಿ ಆಯ್ಕೆಯ ಹಾಳೆ ಸಿಕ್ಕಿತು. ಮೂವತ್ತೊಂದು ಹುಡುಗಿಯರು, ಓಟಕ್ಕೆ, ಅಟ್ಟುವುದಕ್ಕೆ, ಕಂಬದ ಆಟಕ್ಕೆ ಪ್ರತ್ಯೇಕ ಅಂಕ. ಪುಟ್ಟರಾಜು ಮೇಷ್ಟ್ರ ದುಂಡು ಅಕ್ಷರ. ಅಂಕದ ಕ್ರಮದಲ್ಲಿ ಮೂರನೆಯ ಹೆಸರು ಎನ್. ಭಾನು. ಹದಿಮೂರನೆಯದು ದಾನೇಶ್ವರಿ. ಹೋಗಬೇಕಾದವರು ಹನ್ನೆರಡು ಜನ.

ಮೂರನೆಯ ಹೆಸರಿನ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ದೊಡ್ಡಪ್ಪನ ಓರೆ ಬರಹ: 'ಊಟ, ವಸತಿ ತೊಂದರೆ.'

ದಾನೇಶ್ವರಿ ಹಾಳೆ ಹಿಡಿದುಕೊಂಡೇ ಕೆಳಗಿಳಿದಳು. "ಇದೇನು ದೊಡ್ಡವ್ವ, ಊಟ ವಸತಿ ತೊಂದ್ರೆ ಅಂದ್ರೆ?"

ಚಿಕ್ಕಮಲ್ಲಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಇನ್ನೇನು. ನಾಕ್ ನಾಕ್ ಉಡ್ಗೀರ್ಗೆ ಒಂದು ರೂಮು ಕೊಟ್ಟಿದ್ರು. ಆ ಕೆಳ್ಗೇರಿ ಉಡ್ಗಿ ಜೊತ್ಗೆ ನನ್ ಮಗ್ಳು ಒಂದೇ ರೂಮ್ನಲ್ಲಿ ಮಲಗಾದಾ, ಒಂದೇ ಕಡೆ ಉಣ್ಣಾದಾ ಅಂದ್ಬುಟ್ಟು ನಿಮ್ಮವ್ವ ಬಂದು ಕೂಗಾಡ್ಬುಟ್ಳು. ನಿಮ್ ದೊಡ್ಡಪ್ಪಂಗೂ ಒಂದ್ಕಡೆ ನೀನೂ ಓಗ್ಬೇಕು ಅಂತಿತ್ತು. ಸುಲಭ ಆಯ್ತು."

"ನಮ್ಮವ್ವಂಗೆ ಒಂದೇ ರೂಮು ಅಂತ ಏಳ್ದೋರು ಯಾರು?"

ದೊಡ್ಡಮ್ಮ ತಲೆಯೆತ್ತಿ ನೋಡಿದರು. "ನೀನೇ ಅಲ್ವೇನಮ್ಮಿ?"

ಅವಳೇ. ಅದು ಈಗ ಕಂಡಿತು, ಮುಚ್ಚಿದ ಬಾಗಿಲು ತೆರೆದ ಹಾಗೆ ಸ್ಪಷ್ಟವಾಗಿ. ಪಟ್ಟಿ ಹೊರಬೀಳುವ ಮೊದಲು ಒಂದು ಸಂಜೆ ಮೇಷ್ಟ್ರು ಮತ್ತೆ ಭಾನುವನ್ನು ಹೊಗಳಿದ್ದರು. ಆಯ್ಕೆ ಆಗುವವರು ಯಾರು, ಯಾರ ಜೊತೆ ಯಾರು ಇರುವುದು ಎಂದು ಹುಡುಗಿಯರು ಆಗಲೇ ಮಾತಾಡಿಕೊಳ್ಳುತ್ತಿದ್ದರು. ಮನೆಗೆ ಬಂದವಳು ತಲೆ ಬಾಚಿಸಿಕೊಳ್ಳುತ್ತ ಅವ್ವನಿಗೆ, "ಆಯ್ಕೆ ಆದ್ರೆ ನಾನೂ ಭಾನೂ ಒಂದೇ ರೂಮಂತೆ ಕಣವ್ವ" ಎಂದಿದ್ದಳು. ಅಷ್ಟೇ ಮಾತು. ಅವ್ವನ ಕೈಯಲ್ಲಿದ್ದ ಬಾಚಣಿಗೆ ನಿಂತುಬಿಟ್ಟಿತ್ತು. ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದಳು. ಮುಂದಿನದು ತಾನಾಗಿಯೇ ನಡೆಯಿತು. ಯಾರೂ ಜಾತಿಯ ಹೆಸರು ಹೇಳಬೇಕಾಗಲಿಲ್ಲ, ಸಮಿತಿಯಲ್ಲಿ ಯಾರೂ ಯಾಕೆಂದು ಕೇಳಲಿಲ್ಲ. ಒಂದು ಕೆಂಪು ಗೆರೆ ಸಾಕಾಯಿತು.

ಹಾಳೆಯನ್ನು ಮಡಿಚಿ ಪರ್ಸಿನಲ್ಲಿ ಇಟ್ಟುಕೊಂಡಳು. ಸುಟ್ಟುಬಿಡುವ ಯೋಚನೆ ಬಂತು. ಸುಡಲಿಲ್ಲ. ಕೊಡುವ ಯೋಚನೆಯೂ ಬಂತು. ಕೊಟ್ಟರೆ ಗಾಜಿನ ಬೀರುವಿನ ಫೋಟೊ, ಸೀಟು, ಕೆಲಸ ಎಲ್ಲದರ ಮೇಲೂ ಭಾನುವಿನ ಹೆಸರು ಬರೆದ ಹಾಗಾಗುತ್ತಿತ್ತು. ತನ್ನದೆಂದುಕೊಂಡಿದ್ದೆಲ್ಲ ಇನ್ನೊಬ್ಬಳದು ಎಂದು ತಿಳಿದ ಮೇಲೆ ಉರಿ ಆರಬೇಕಿತ್ತಲ್ಲ, ನ್ಯಾಯವಾಗಿ. ಆರಲಿಲ್ಲ, ಹೆಚ್ಚಾಯಿತು. ಆಟದಲ್ಲೂ ಅವಳೇ ಮುಂದೆ, ಓದಿನಲ್ಲೂ ಅವಳೇ ಮುಂದೆ, ಈಗ ಅನ್ಯಾಯಕ್ಕೆ ಒಳಗಾದವಳು ಎಂಬ ಹಕ್ಕೂ ಅವಳದೇ. ತನಗೆ ಉಳಿದಿದ್ದು ಏನು?

ಐದು ವಾರ ಹಾಳೆ ಪರ್ಸಿನಲ್ಲೇ ಇತ್ತು.

ಚಾಮರಾಜನಗರದ ಒಂದು ಕಾಲೇಜಿನಲ್ಲಿ ಭಾನು ತನ್ನ ಸಂಶೋಧನೆಯ ಬಗ್ಗೆ ಮಾತಾಡುತ್ತಾಳೆ, ದೈಹಿಕ ಶಿಕ್ಷಕರೆಲ್ಲ ಬರಬೇಕು ಎಂದು ಸುತ್ತೋಲೆ ಬಂತು. ದಾನೇಶ್ವರಿ ಹಿಂದಿನ ಸಾಲಿನಲ್ಲಿ ಕೂತಳು. ಭಾನು ಕಾಗದ ನೋಡದೆ ಮಾತಾಡಿದಳು. ನಲವತ್ತಮೂರು ಜನರನ್ನು ಮಾತಾಡಿಸಿದ್ದಾಗಿ ಹೇಳಿದಳು. ಹುಡುಗಿಯರು ಆಟ ಬಿಡುವುದು ಆಸೆ ಕಮ್ಮಿಯಾಗಿ ಅಲ್ಲ. ಕೊನೆಯ ಬಸ್ಸಿನ ಹೊತ್ತು, ಶೌಚಾಲಯದ ಬೀಗ, ಮನೆಯವರ ಮಾತು, ತಂಡ ಆರಿಸುವವರು ಯಾರೆಂಬುದು, ಇವೆಲ್ಲ ಸೇರಿ ಬಿಡಿಸುತ್ತವೆ ಎಂದಳು. ಯಾರನ್ನೂ ಹೆಸರಿಸಿ ಬೈಯಲಿಲ್ಲ. ಕೊನೆಯಲ್ಲಿ ಹೇಳಿದಳು.

"ನಾನು ಎಲ್ಲಿ ನಿಂತು ನೋಡ್ತಿದ್ದೀನಿ ಅಂತಲೂ ಹೇಳಬೇಕಾಗುತ್ತೆ. ನಾನೂ ಈ ಊರಲ್ಲಿ ಆಡಿದವಳು. ಒಂದು ಆಯ್ಕೇಲಿ ನನ್ನ ಕೈಬಿಟ್ರು. ಕಾರಣ ಯಾರೂ ಹೇಳ್ಲಿಲ್ಲ. ನಾನು ಅವತ್ತು ಚೆನ್ನಾಗಿ ಆಡ್ಲಿಲ್ಲ ಅಂತ ಬಹಳ ವರ್ಷ ನಂಬಿದ್ದೆ. ಕಾರಣ ಹೇಳ್ದೇ ಇದ್ರೆ ಮನುಷ್ಯ ತಪ್ಪನ್ನ ತನ್ನಲ್ಲೇ ಹುಡುಕ್ತಾನೆ."

ಚಪ್ಪಾಳೆ ಬಿತ್ತು. ದಾನೇಶ್ವರಿಯ ಕೈ ಮಡಿಲಲ್ಲೇ ಇತ್ತು.

ಎಲ್ಲರೂ ಟೀ ಕುಡಿಯಲು ಎದ್ದಾಗ ಅವಳು ಭಾನುವನ್ನು ಹೊಂಗೆಮರದ ಕೆಳಗೆ ಕರೆದಳು. ಏನೂ ಪೀಠಿಕೆ ಹಾಕದೆ ಹಾಳೆ ಕೊಟ್ಟಳು.

ಭಾನು ಬಿಡಿಸಿ ಓದಿದಳು. ಬಹಳ ಹೊತ್ತು ಓದಿದಳು. ಅವಳ ಬೆರಳು ಕೆಂಪು ಗೆರೆಯ ಮೇಲೆ ಹೋಗಲಿಲ್ಲ, ಅಂಕಗಳ ಮೇಲೆ ಹೋಯಿತು. ಓಟಕ್ಕೆ ಮೂವತ್ತಕ್ಕೆ ಇಪ್ಪತ್ತೊಂಬತ್ತು.

"ಒಂದು ಅಂಕ ಯಾಕೆ ಕಳೆದ್ರೋ ಮೇಷ್ಟ್ರು" ಎಂದಳು. ಆಮೇಲೆ, "ಪಕ್ಕದಲ್ಲಿ ಬರೆದಿರೋದು ನಿಮ್ಮ ದೊಡ್ಡಪ್ಪನೋರಾ?"

"ಬರ್ದೋರು ಅವ್ರು. ಕೂಗಾಡ್ದೋಳು ನಮ್ಮವ್ವ. ಅವ್ವನ ಕಿವಿಗೆ ಆಕ್ದೋಳು ನಾನು." ದಾನೇಶ್ವರಿ ನೆಲ ನೋಡಿಕೊಂಡು ಹೇಳಿದಳು. "ಬೇಕೂಂತ್ಲೇ ಏಳ್ದೆ ಕಣಮ್ಮಿ. ಹೊಟ್ಟೆಕಿಚ್ಚು. ಈಗ್ಲೂ ಅದೆ, ಸುಳ್ಳು ಯಾಕೆ ಏಳನ. ಮ್ಯಾನೇಜರ್ರು ನಾನೇ ಅಂದಿದ್ನಲ್ಲ, ಅದೂ ಸುಳ್ಳೇ."

"ಅದು ಗೊತ್ತಾಯ್ತು" ಎಂದಳು ಭಾನು.

ಒಳಗಿನಿಂದ ಯಾರೋ ಕೂಗಿದರು. ಭಾನು ಅತ್ತ ತಿರುಗಲಿಲ್ಲ. "ನನ್ನ ಅಪ್ಪ ಆವತ್ತು ಗೌಡ್ರ ಹತ್ರ ರಜೆ ಕೇಳಿ, ನನ್ನ ಬಸ್ಸು ಹತ್ತಿಸೋಕೆ ಅಂತ ಬಂದಿದ್ದ. ಹೆಸರು ಇಲ್ಲ ಅಂದ್ಮೇಲೆ ಅಲ್ಲೇ ಕೂತ್ಬಿಟ್ಟ. ನಾನು ಅವನ ಹತ್ರ ಕ್ಷಮೆ ಕೇಳ್ದೆ. ಚೆನ್ನಾಗಿ ಆಡ್ಲಿಲ್ಲ ಕಣಪ್ಪ, ತಪ್ಪಾಯ್ತು ಅಂತ." ಅವಳು ಹಾಳೆಯನ್ನು ಇದ್ದ ಹಾಗೇ ಮಡಿಚಿದಳು. "ಹೋದ ವರ್ಷ ತೀರಿಕೊಂಡ."

ದಾನೇಶ್ವರಿ ತಪ್ಪಾಯಿತು ಎನ್ನಲು ಬಾಯಿ ತೆರೆದಳು. ಆ ಮಾತನ್ನು ಭಾನು ಎಂದೋ ತನ್ನ ಅಪ್ಪನಿಗೆ ಹೇಳಿಯಾಗಿತ್ತು.

"ಇದನ್ನ ನಾನು ಬಳಸ್ಕೋಬೋದಾ?" ಎಂದು ಭಾನು ಕೇಳಿದಳು. "ಒಪ್ಪಿಗೆ ಬೇಕು. ಯಾರ ಹೆಸರೂ ಹಾಕಲ್ಲ. ನಂದನ್ನೂ."

"ನನ್ ಎಸ್ರು ಆಕು. ನಾನೇ ಏಳ್ತಾ ಇದ್ದೀನಲ್ಲ."

"ಇಲ್ಲ ದಾನಿ. ಹೆಸರು ಹಾಕಿದ್ರೆ ಓದೋರು ನಿನ್ನ ಬೈದು ಪುಸ್ತಕ ಮುಚ್ತಾರೆ. ಇದು ನೀನೊಬ್ಬಳೇ ಮಾಡಿದ್ದಲ್ಲ." ಹಾಳೆಯನ್ನು ಚೀಲಕ್ಕಿಳಿಸಿ ಹೇಳಿದಳು. "ನೀನು ಮಾಡಿದ್ದು ಇಲ್ಲ ಅಂತಲೂ ಅಲ್ಲ."

ಅವಳು ಒಳಗೆ ಹೋದಳು. ಬಸ್ಸಿನವರೆಗೆ ಜೊತೆಗೆ ಬಾ ಎನ್ನಲಿಲ್ಲ. ದಾನೇಶ್ವರಿ ಒಬ್ಬಳೇ ಗುಂಡ್ಲುಪೇಟೆಯ ಬಸ್ಸು ಹತ್ತಿದಳು.

ಆ ಮೇಲೆ ಅವಳು ಮಾಡಿದ್ದನ್ನು ದೊಡ್ಡ ಸಾಹಸವೆಂದು ಯಾರೂ ಹೇಳಲಾರರು. ಮುಂದಿನ ಜಿಲ್ಲಾ ಕೂಟಕ್ಕೆ ಮ್ಯಾನೇಜರ್ ಹೆಸರು ಬರೆಯುವಾಗ, ನನ್ನ ಹೆಸರು ಬರೆಯಿರಿ ಎಂದು ಮುಖ್ಯೋಪಾಧ್ಯಾಯರ ಎದುರು ನಿಂತಳು. ಮಹದೇವಪ್ರಸಾದ್ ಮುಖ ಊದಿಸಿಕೊಂಡರು. "ಅನ್ನದ ಪಾತ್ರೆ ಯಾರು ನೋಡ್ಕತಾರೆ ಮತ್ತೆ?" ಎಂದು ಮಲ್ಲಿಕಾರ್ಜುನಸ್ವಾಮಿ ಕೇಳಿದರು. "ಅವ್ರೇ ನೋಡ್ಕಳ್ಳಿ ಸಾರ್, ಲೆಕ್ಕ ಚೆನ್ನಾಗಿ ಬರ್ತದಲ್ಲ" ಎಂದಳು. ಆಯ್ಕೆಯ ಅಂಕಗಳನ್ನು ನೋಟಿಸ್ ಬೋರ್ಡಿಗೆ ಅಂಟಿಸಿದಳು. ಯಾರು ಯಾರ ಜೊತೆ ಮಲಗುವುದೆಂದು ಚೀಟಿ ಎತ್ತಿಸಿದಳು. ಒಬ್ಬಳ ತಾಯಿ ಲಕ್ಷ್ಮಿದೇವಿ ಬಂದು ಗೇಟಿನ ಹತ್ತಿರ ದನಿ ತಗ್ಗಿಸಿ, "ನಮ್ ಉಡ್ಗಿನ ಬೇರೆ ರೂಮಿಗೆ ಆಕಿ ಮೇಡಂ" ಎಂದಾಗ, "ಚೀಟೀಲಿ ಬಂದಂಗೆ ಕಣಮ್ಮ. ಇಷ್ಟ ಇಲ್ದಿದ್ರೆ ನಿಮ್ ಉಡ್ಗಿ ಮನೇಲಿರ್ಲಿ" ಎಂದಳು. ಆ ಹುಡುಗಿ ಬರಲಿಲ್ಲ. ಅವಳು ಒಳ್ಳೆಯ ಆಟಗಾರ್ತಿ. ತಂಡ ಸೆಮಿಫೈನಲ್‌ನಲ್ಲಿ ಸೋತಿತು. ಒಬ್ಬಳು ಮನೆಯಲ್ಲಿ ಉಳಿದದ್ದಕ್ಕೆ ದಾನೇಶ್ವರಿಗೆ ಬಹಳ ದಿನ ಸಮಾಧಾನವಿರಲಿಲ್ಲ.

ಭಾನು ಕರೆ ಮಾಡುವುದು ಅಪರೂಪ. ಮಾಡಿದರೆ ಕೆಲಸದ ಮಾತು. ಹಳೆಯ ಅಂಕಣ ಎಲ್ಲಿತ್ತು, ಯಾವ ವರ್ಷ ನಿಯಮ ಬದಲಾಯಿತು ಎಂದು. ದಾನೇಶ್ವರಿ ಗೊತ್ತಿದ್ದಷ್ಟು ಹೇಳುತ್ತಾಳೆ. ಫೋನ್ ಇಟ್ಟ ಮೇಲೆ ಭಾನುವಿನ ಮಾತಿನ ಶುದ್ಧಿ, ಅವಳ ಬಿಡುವು, ಅವಳ ಊರೂರು ಓಡಾಟ ಎಲ್ಲವನ್ನೂ ತನ್ನದರ ಪಕ್ಕ ಇಟ್ಟು ಅಳೆಯುವುದು ಇನ್ನೂ ನಿಂತಿಲ್ಲ. ಸ್ನೇಹ ಮತ್ತೆ ಕೂಡಲಿಲ್ಲ. ಕೂಡುತ್ತದೆ ಎಂದು ಇಬ್ಬರೂ ಅಂದುಕೊಂಡಿರಲೂ ಇಲ್ಲ.

ಈಚೆಗೆ, ಜೂನ್ ತಿಂಗಳಲ್ಲಿ, ಒಂದು ಸಂದೇಶ ಬಂತು. ಡಾಕ್ಟರೇಟ್ ಆಯಿತು, ಧಾರವಾಡದ ಕಡೆ ಒಂದು ಕಾಲೇಜಿನಲ್ಲಿ ಅಧ್ಯಾಪಕಿಯಾಗಿ ಸೇರಿದೆ ಎಂದು ಎರಡೇ ಸಾಲು. ದಾನೇಶ್ವರಿ 'ಬಹಳ ಸಂತೋಷ' ಎಂದು ಬರೆದು ಅಳಿಸಿದಳು. ಅದು ಪೂರ್ತಿ ನಿಜವಾಗಿರಲಿಲ್ಲ. ಇಡೀ ದಿನ ಉತ್ತರ ಕಳಿಸಲಿಲ್ಲ. ಮರುದಿನ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಮೈದಾನದಲ್ಲಿ ನಿಂತುಕೊಂಡೇ, 'ನಿನಗೆ ಸಲ್ಲಬೇಕಾದ್ದು ಸಂದಿದೆ' ಎಂದು ಬರೆದಳು. ಕಳಿಸಿ, ಮೊಬೈಲನ್ನು ಜೇಬಿಗಿಟ್ಟು, ಎಂಟನೇ ತರಗತಿಯವರನ್ನು ಸಾಲಾಗಿ ನಿಲ್ಲಿಸಲು ಹೋದಳು.